ಬತ್ತಿಯ ಬಾಯಾರಿಕೆ

ಕಳೆದ ಮಳೆಗಾಲದ ಒಂದು ರಾತ್ರಿ ವಿದ್ಯುದ್ದೀಪಗಳು ಆರಿಹೋದಾಗ ಅಟ್ಟದ ಮೇಲಿದ್ದ ಹಳೆಯ ಲಾಟೀನನ್ನು ನಾವು ಕೆಳಗಿಳಿಸಿದೆವು. ಅದರ ಬತ್ತಿ ಸವೆದು ಗಿಡ್ಡಾಗಿತ್ತು. ಬೇರೆ ಬತ್ತಿ ಸಿಗದೆ, ಹತ್ತಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬತ್ತಿಯ ಸೀಳಿನೊಳಕ್ಕೆ ಚಾಕುವಿನ ತುದಿಯಿಂದ ಬಲವಾಗಿ ತುರುಕಿದೆವು. ಬತ್ತಿ ದಪ್ಪವಾದಷ್ಟೂ ಎಣ್ಣೆ ಹೆಚ್ಚು ಬರುವುದೆಂಬುದು ನಮ್ಮ ಎಣಿಕೆ! ದೀಪವು ಐದು ನಿಮಿಷ ಚೆನ್ನಾಗಿಯೇ ಉರಿಯಿತು. ಬಳಿಕ ಕೆಂಪಾಗಿ ಕುಗ್ಗಿ, ಸುಟ್ಟ ಬಟ್ಟೆಯ ನಾತವನ್ನು ಬೀರತೊಡಗಿತು. ಬುಡದ ತುಂಬ ಸೀಮೆಎಣ್ಣೆ ಇದ್ದೂ ಬತ್ತಿ ಕರಕಾದುದೇಕೆ?

ದೀಪದಲ್ಲಿ ಉರಿಯುವುದು ಎಣ್ಣೆಯ ಆವಿ. ಎಣ್ಣೆಯು ಆವಿಯಾಗುವಾಗ ಶಾಖವನ್ನು ಹೀರಿ, ಬತ್ತಿಯ ತುದಿ ಮಿತಿಮೀರಿ ಕಾಯದಂತೆ ತಡೆಯುತ್ತದೆ. ಜ್ವಾಲೆ ಕೇಳಿದಷ್ಟು ಎಣ್ಣೆ ಕೆಳಗಿನಿಂದ ಬರುತ್ತಿರುವವರೆಗೂ ಹತ್ತಿಗೆ ಅಪಾಯವಿಲ್ಲ. ಅದು ತಡವಾಯಿತೆಂದರೆ ಬತ್ತಿಯೇ ಸುಡತೊಡಗುತ್ತದೆ.

ಎಣ್ಣೆಯನ್ನು ಮೇಲೆತ್ತುವ ಶಕ್ತಿಗೆ ಕೇಶಾಕರ್ಷಣೆ ಎಂದು ಹೆಸರು. ನಳಿಕೆ ಸಪುರವಾದಷ್ಟೂ ದ್ರವವು ಎತ್ತರಕ್ಕೇರುವುದೆಂದು ಇಂಗ್ಲೆಂಡಿನ ಜೇಮ್ಸ್ ಜ್ಯೂರಿನ್ 1718ರಲ್ಲಿ ತಿಳಿಸಿದನು. ಅರ್ಧ ಮಿಲಿಮೀಟರ್ ತ್ರಿಜ್ಯದ ಗಾಜಿನ ನಳಿಕೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿದರೆ, ತ್ರಿಜ್ಯವು ಅದರ ಹತ್ತನೆಯ ಒಂದು ಪಾಲಾದಾಗ ಸುಮಾರು 30 ಸೆಂಟಿಮೀಟರ್ ಏರುವುದು. ಹತ್ತಿಯ ಎಳೆಗಳ ನಡುವಣ ಸಂದುಗಳೂ ಇಂಥ ನಳಿಕೆಗಳೇ. ಫ್ಯಾರಡೆಯು 1860-61ರ ಚಳಿಗಾಲದಲ್ಲಿ ಲಂಡನ್ನಿನ ಮಕ್ಕಳಿಗೆ ಮೇಣದಬತ್ತಿಯ ಕುರಿತು ಉಪನ್ಯಾಸ ಮಾಡುವಾಗ, ಉಪ್ಪಿನ ಕಂಬದೊಳಗೆ ನೀಲಿ ಬಣ್ಣದ ಉಪ್ಪುನೀರನ್ನು ಏರಿಸಿ ಇದನ್ನೇ ತೋರಿಸಿದನು.

ಹಾಗಿದ್ದರೆ ಬಿಗಿಯಾದ ಬತ್ತಿ ಒಳ್ಳೆಯದಲ್ಲವೇ? ನಾವು ಎಡವಿದುದು ಇಲ್ಲಿಯೇ. ಎಷ್ಟು ಎತ್ತರ ಎಂಬುದು ಒಂದು ಪ್ರಶ್ನೆ, ಎಷ್ಟು ಬೇಗ ಎಂಬುದು ಇನ್ನೊಂದು. ಫ್ರಾನ್ಸಿನ ವೈದ್ಯ ಪ್ವಾಸೋಯ್ 1840ರ ಸುಮಾರಿಗೆ ಕಂಡುಕೊಂಡಂತೆ, ಒತ್ತಡ ಮೊದಲಾದುವು ಸಮನಾಗಿದ್ದರೆ, ನಳಿಕೆಯ ತ್ರಿಜ್ಯ ಅರ್ಧವಾದಾಗ ಅದರೊಳಗಿನ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುವುದು. ಸಂದು ಕಿರಿದಾದಾಗ ಎಳೆತವೂ ಹೆಚ್ಚುವುದು ನಿಜ. ಆದರೆ ತಡೆಯು ಅದನ್ನು ಮೀರಿ ಹೆಚ್ಚುತ್ತದೆ.

ಇದೇ ತಪ್ಪು ಇಂದು ಇ-ಸಿಗರೇಟಿನಲ್ಲಿಯೂ ನಡೆಯುತ್ತದೆ. ಅಲ್ಲಿ ಜ್ವಾಲೆಯಿಲ್ಲ, ಬ್ಯಾಟರಿಯಿಂದ ಕಾಯುವ ತಂತಿಯ ಸುರುಳಿಯೊಳಗೆ ಹತ್ತಿಯನ್ನು ತೂರಿಸಿರುತ್ತಾರೆ. ಏರಬೇಕಾದುದು ಗ್ಲಿಸರಿನ್ ಬೆರೆತ ದ್ರವ. ಶುದ್ಧ ಗ್ಲಿಸರಿನ್ನಿನ ಸ್ನಿಗ್ಧತೆ ಸೀಮೆಎಣ್ಣೆಯದಕ್ಕಿಂತ ನೂರಾರು ಪಟ್ಟು ಹೆಚ್ಚು. ಹತ್ತಿ ಬಿಗಿಯಾಗಿ ದ್ರವವು ತಡವಾದರೆ ತಂತಿ ಮಿತಿಮೀರಿ ಕಾದು, ದ್ರವವು ಒಡೆದು ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಎಂಬ ವಿಷವಸ್ತುಗಳು ಹುಟ್ಟುತ್ತವೆ. ಲಾಟೀನಿನ ತಪ್ಪು ಗಾಜಿನ ಮೇಲೆ ಮಸಿಯಾಗಿ ಕಾಣುವುದು. ಇದರ ತಪ್ಪು ನೇರವಾಗಿ ಶ್ವಾಸಕೋಶವನ್ನು ಸೇರುವುದು. ಹತ್ತಿಯನ್ನು ಎಷ್ಟು ಹದವಾಗಿ ಜೋಡಿಸಿದರೂ ದ್ರವದಲ್ಲಿ ಬೆರೆಸಿದ ನಿಕೋಟಿನ್ ಎಲ್ಲಿಗೂ ಹೋಗದು. ನಮ್ಮ ದೇಶದಲ್ಲಿ ಇದರ ತಯಾರಿಕೆ, ಮಾರಾಟಗಳನ್ನು 2019ರಲ್ಲಿಯೇ ನಿಷೇಧಿಸಲಾಗಿದೆ.

ಮರುದಿನ ನಾವು ಬಟ್ಟೆಯ ಎರಡು ಮಡಿಕೆಗಳನ್ನು ತೆಗೆದುಹಾಕಿ, ಉಳಿದುದನ್ನು ಬಿಸಿಲಿಗೆ ಒಣಗಹಾಕಿದೆವು. ಎಳೆಗಳಲ್ಲಿ ನೀರಿನ ಪಸೆ ಇದ್ದರೆ ಎಣ್ಣೆಗೆ ದಾರಿ ಕಟ್ಟುತ್ತದೆ. ಸೀಳಿನಲ್ಲಿ ಸಲೀಸಾಗಿ ಜಾರುವಂತೆ ಅದನ್ನು ಇಳಿಬಿಟ್ಟು, ಮೇಲಂಚಿನ ಮೂಲೆಗಳನ್ನು ಕೊಂಚ ಕತ್ತರಿಸಿ, ತುದಿಯವರೆಗೂ ಎಣ್ಣೆ ಏರಲೆಂದು ಹತ್ತು ನಿಮಿಷ ಕಾದೆವು. ಆ ರಾತ್ರಿ ವಿದ್ಯುತ್ತು ಮತ್ತೆ ಹೋಯಿತು. ಲಾಟೀನು ಬೆಳಗಿನವರೆಗೂ ಹಳದಿಯಾಗಿ, ನಿಶ್ಚಲವಾಗಿ ಉರಿಯಿತು.