ಹದಿಮೂರನೇ ನಿಮಿಷದ ಚಪ್ಪಾಳೆ

ಇಟಲಿಯ ಫ್ಲಾರೆನ್ಸ್ ನಗರದ ಆರ್ತೆಮಿಯೊ ಫ್ರಾಂಕಿ ಕ್ರೀಡಾಂಗಣದಲ್ಲಿ ಫಿಯೊರೆಂಟಿನಾ ತಂಡದ ಪಂದ್ಯ ನೋಡುವವರು ಗಡಿಯಾರದ ಮೇಲೊಂದು ಕಣ್ಣಿಟ್ಟಿರುತ್ತಾರೆ. ಹದಿಮೂರನೇ ನಿಮಿಷ ಬಂತೆಂದರೆ ಚಪ್ಪಾಳೆ ಶುರು. ಆ ಹೊತ್ತಿಗೆ ಅಂಗಳದಲ್ಲಿ ಚಪ್ಪಾಳೆ ಹೊಡೆಯುವಂಥದ್ದೇನೂ ನಡೆದಿರುವುದಿಲ್ಲ. ಚೆಂಡು ಮಧ್ಯದಲ್ಲೆಲ್ಲೋ ಕಾಲಿಂದ ಕಾಲಿಗೆ ಉರುಳುತ್ತಿರಬಹುದು, ಯಾರೋ ಥ್ರೋ ಎಸೆಯಲು ನಿಂತಿರಬಹುದು. ಜನ ಮಾತ್ರ ಕೈತಟ್ಟುತ್ತಲೇ ಇರುತ್ತಾರೆ. ಅದು ದಾವಿದೆ ಅಸ್ತೋರಿ ಅವರ ನಿಮಿಷ. ಅವರ ಜೆರ್ಸಿಯ ಸಂಖ್ಯೆ 13.

ಅಸ್ತೋರಿ ರಕ್ಷಣಾ ಆಟಗಾರ. ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಫುಟ್‌ಬಾಲ್ ಮಂದಿಯ ಬಾಯಲ್ಲಿ ‘ಸ್ಟಾಪರ್’. ಗೋಲು ಹೊಡೆಯುವವನ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ, ಮರುದಿನದ ಪತ್ರಿಕೆಯಲ್ಲೂ ಬರುತ್ತದೆ. ಸ್ಟಾಪರ್ ಚೆನ್ನಾಗಿ ಆಡಿದ ದಿನ ಏನೂ ಆಗಿರುವುದಿಲ್ಲ. ಎದುರಾಳಿಯ ಪಾಸ್ ತಲುಪಬೇಕಾದ ಜಾಗದಲ್ಲಿ ಅವನು ಮೊದಲೇ ನಿಂತಿರುತ್ತಾನೆ, ಅಪಾಯ ಹುಟ್ಟುವ ಮೊದಲೇ ಅಳಿಸಿಹೋಗಿರುತ್ತದೆ. ಇಂಥವರನ್ನು ಅಭಿಮಾನಿಗಳು ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಏನೂ ನಡೆಯದ ಒಂದು ನಿಮಿಷವನ್ನೇ ಅವರ ಹೆಸರಿಗೆ ಬರೆದುಕೊಟ್ಟ ಫ್ಲಾರೆನ್ಸಿನ ಜನರಿಗೆ ಈ ಆಟ ಎಷ್ಟು ಚೆನ್ನಾಗಿ ಅರ್ಥವಾಗಿದೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

1987ರ ಜನವರಿ 7ರಂದು ಉತ್ತರ ಇಟಲಿಯ ಬೆರ್ಗಾಮೊ ಸೀಮೆಯ ಸಾನ್ ಜೊವಾನ್ನಿ ಬಿಯಾಂಕೊ ಊರಿನಲ್ಲಿ ಹುಟ್ಟಿದ ಅಸ್ತೋರಿ, ಎಸಿ ಮಿಲಾನ್‌ನ ಕಿರಿಯರ ತಂಡದಲ್ಲಿ ಆಟ ಕಲಿತರು. ಮಿಲಾನ್‌ನ ಹಿರಿಯರ ತಂಡದಲ್ಲಿ ಜಾಗ ಸಿಗಲಿಲ್ಲ. ಸಾರ್ಡಿನಿಯಾ ದ್ವೀಪದ ಕಾಲ್ಯಾರಿ ಕ್ಲಬ್ ಕರೆದುಕೊಂಡಿತು. ಅಲ್ಲಿ ಆರು ಋತುಗಳನ್ನು ಆಡಿದರು. ಒಂದು ವರ್ಷ ರೋಮಾ, ಆಮೇಲೆ 2015ರಲ್ಲಿ ಫಿಯೊರೆಂಟಿನಾ. 2017ರಲ್ಲಿ ನಾಯಕನ ತೋಳುಪಟ್ಟಿ ಅವರದಾಯಿತು. ಇಟಲಿಗಾಗಿ ಆಡಿದ್ದು 14 ಪಂದ್ಯ, ಹೊಡೆದದ್ದು ಒಂದೇ ಗೋಲು. 2013ರ ಕಾನ್ಫೆಡರೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನಕ್ಕಾಗಿ ಉರುಗ್ವೆ ವಿರುದ್ಧ ನಡೆದ ಪಂದ್ಯ ಅದು. ದಿಯಾಮಂತಿ ಹೊಡೆದ ಫ್ರೀಕಿಕ್ ಗೋಲುಕಂಬಕ್ಕೆ ಬಡಿದು ಚಿಮ್ಮಿದಾಗ ಗೆರೆಯ ಹತ್ತಿರವೇ ಇದ್ದ ಅಸ್ತೋರಿ ಅದನ್ನು ಒಳಕ್ಕೆ ತಳ್ಳಿದರು. ಆ ಗೋಲಿನಲ್ಲೂ ಸ್ಟಾಪರ್‌ನ ಬುದ್ಧಿಯೇ ಇತ್ತು: ಚೆಂಡು ಬರುವ ಜಾಗದಲ್ಲಿ ಮೊದಲೇ ನಿಂತಿರುವುದು.

2018ರ ಮಾರ್ಚ್ 4, ಭಾನುವಾರ. ಊದಿನೆ ನಗರದಲ್ಲಿ ಮಧ್ಯಾಹ್ನ ಪಂದ್ಯವಿತ್ತು. ಹಿಂದಿನ ರಾತ್ರಿ ಗೋಲ್‌ಕೀಪರ್ ಮಾರ್ಕೊ ಸ್ಪೋರ್ತಿಯೆಲ್ಲೊ ಜೊತೆ ವಿಡಿಯೊ ಗೇಮ್ ಆಡಿ, ಅಸ್ತೋರಿ ಹೋಟೆಲಿನ ತಮ್ಮ ಕೋಣೆಗೆ ಮಲಗಲು ಹೋಗಿದ್ದರು. ಬೆಳಗಿನ ತಿಂಡಿಗೆ ಎಲ್ಲರಿಗಿಂತ ಮೊದಲು ಬಂದು ಕೂರುವವರು ಆ ದಿನ ಬರಲಿಲ್ಲ. ಬಾಗಿಲು ತೆರೆಸಿ ನೋಡಿದರೆ ಹೃದಯ ನಿಂತಿತ್ತು. ವಯಸ್ಸು 31. ಮನೆಯಲ್ಲಿ ಎರಡು ವರ್ಷದ ಮಗಳು.

ಸುದ್ದಿ ಹಬ್ಬಿದಾಗ ಜೆನೋವಾದಲ್ಲಿ ಕಾಲ್ಯಾರಿ ಆಟಗಾರರು ತಮ್ಮ ಪಂದ್ಯಕ್ಕೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಕೆಲವರು ಅಸ್ತೋರಿ ಜೊತೆ ವರ್ಷಗಟ್ಟಲೆ ಆಡಿದವರು. ಅಲ್ಲಿಂದಲೇ ಹಿಂದಿರುಗಿದರು. ಆ ದಿನದ ಸೀರಿ ಎ ಲೀಗಿನ ಪಂದ್ಯಗಳೆಲ್ಲ ಮುಂದಕ್ಕೆ ಹೋದವು. ಅಂಥ ಬೆಳಿಗ್ಗೆ ಹೇಗಿರುತ್ತದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ಸುದ್ದಿ ಕೇಳಿದವರು ನಾವು. ಅಷ್ಟು ಗಟ್ಟಿಮುಟ್ಟಾಗಿದ್ದವರಿಗೆ ಹೀಗಾಗುವುದು ಹೇಗೆ ಎಂದು ಅವತ್ತು ನಾವು ಕೇಳಿಕೊಂಡದ್ದನ್ನೇ ಇಟಲಿಯೂ ಕೇಳಿಕೊಂಡಿತ್ತು. ಅಪ್ಪು ಅವರ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿದ್ದ ಕಂಠೀರವ ಕ್ರೀಡಾಂಗಣವೂ ಫುಟ್‌ಬಾಲಿಗನೊಬ್ಬನ ಸಾವು ಕಂಡ ಜಾಗವೇ. 2004ರ ಡಿಸೆಂಬರ್ 5ರಂದು ಫೆಡರೇಷನ್ ಕಪ್ ಫೈನಲ್‌ನಲ್ಲಿ ಗೋವಾದ ಡೆಂಪೊ ತಂಡಕ್ಕೆ ಎರಡೂ ಗೋಲು ಹೊಡೆದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್ ಅಲ್ಲೇ ಕುಸಿದು ಬಿದ್ದರು, ಮತ್ತೆ ಏಳಲಿಲ್ಲ. ಡೆಂಪೊ ಅವರ 10ನೇ ಸಂಖ್ಯೆಯ ಜೆರ್ಸಿಯನ್ನು ನಿವೃತ್ತಿಗೊಳಿಸಿತು. ಬೆಂಗಳೂರಿನಲ್ಲಿ ಅವರನ್ನು ನೆನೆಯುವವರು ಈಗ ಎಷ್ಟು ಜನ ಉಳಿದಿದ್ದಾರೆ ಎಂದು ಯೋಚಿಸಿದರೆ ಫ್ಲಾರೆನ್ಸಿನ ಚಪ್ಪಾಳೆಯ ತೂಕ ತಿಳಿಯುತ್ತದೆ.

ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದದ್ದು ಮಾರ್ಚ್ 8ರಂದು, ಮೈಕೆಲ್ಯಾಂಜೆಲೊ, ಗೆಲಿಲಿಯೊ ಅವರ ಸಮಾಧಿಗಳಿರುವ ಸಾಂತಾ ಕ್ರೋಚೆ ಚರ್ಚಿನಲ್ಲಿ. ಹೊರಗಿನ ಚೌಕದಲ್ಲಿ ಸಾವಿರಾರು ಜನ, ಕೊರಳಲ್ಲಿ ನೇರಳೆ ಸ್ಕಾರ್ಫ್. ನಮಗಿರುವ ನಾಯಕ ಒಬ್ಬನೇ ಎಂದು ಅವರು ಕೂಗುತ್ತಿದ್ದರು. ಸಹ ಆಟಗಾರ ಮಿಲಾನ್ ಬಾದೆಲ್ ಒಳಗೆ ತಂಡದ ಪರವಾಗಿ ವಿದಾಯದ ಮಾತು ಹೇಳಿದರು. ಆ ದಿನದ ಒಂದು ದೃಶ್ಯ ನನ್ನ ಮನಸ್ಸಿನಿಂದ ಹೋಗಿಲ್ಲ. ಹಿಂದಿನ ರಾತ್ರಿಯಷ್ಟೇ ಲಂಡನ್ನಿನ ವೆಂಬ್ಲಿಯಲ್ಲಿ ಟಾಟನಮ್ ತಂಡವನ್ನು ಸೋಲಿಸಿದ್ದ ಯುವೆಂಟಸ್ ಆಟಗಾರರು, ಬುಫೊನ್ ಮತ್ತು ಕಿಯೆಲ್ಲಿನಿ ಅವರೊಂದಿಗೆ ಚರ್ಚಿನ ಮುಂದೆ ಬಂದರು. ಯುವೆಂಟಸ್ ಎಂದರೆ ಫ್ಲಾರೆನ್ಸಿಗೆ ಬೆಂಕಿ. 1990ರಲ್ಲಿ ರೊಬೆರ್ತೊ ಬಾಜೊ ಅವರನ್ನು ಆ ಕ್ಲಬ್‌ಗೆ ಮಾರಿದ್ದಕ್ಕೆ ಫ್ಲಾರೆನ್ಸಿನ ಬೀದಿಗಳಲ್ಲಿ ದೊಂಬಿಯೇ ಆಗಿತ್ತು. ಅಂಥ ಜನ ಅವತ್ತು ದಾರಿ ಬಿಟ್ಟು ನಿಂತು ಅವರಿಗೆ ಚಪ್ಪಾಳೆ ತಟ್ಟಿದರು. ಕಿಯೆಲ್ಲಿನಿ ಕೂಡ ಸ್ಟಾಪರ್, ಇಟಲಿ ತಂಡದಲ್ಲಿ ಅಸ್ತೋರಿ ಅವರ ಒಡನಾಡಿ.

ಮೂರು ದಿನಗಳ ನಂತರ ಬೆನೆವೆಂತೊ ವಿರುದ್ಧ ತವರಿನ ಪಂದ್ಯ. ಹದಿಮೂರನೇ ನಿಮಿಷದಲ್ಲಿ ಆಟ ನಿಂತಿತು, ಆಟಗಾರರೂ ಪ್ರೇಕ್ಷಕರೂ ಕೈತಟ್ಟಿದರು. ಅಸ್ತೋರಿ ನಿಲ್ಲುತ್ತಿದ್ದ ಜಾಗದಲ್ಲಿ ಆ ದಿನ ನಿಂತಿದ್ದವರು ಬ್ರೆಜಿಲ್‌ನ ವಿಟರ್ ಹ್ಯೂಗೊ, ಜೆರ್ಸಿ ಸಂಖ್ಯೆ 31. ಪಂದ್ಯದ ಒಂದೇ ಗೋಲನ್ನು ಅವರೇ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಹೊಡೆದರು. ನೇರ ಮೈದಾನದಂಚಿಗೆ ಓಡಿ, ಅಸ್ತೋರಿ ಚಿತ್ರವಿದ್ದ ಟೀ ಶರ್ಟ್ ಎದುರು ಸೈನಿಕನಂತೆ ಸೆಲ್ಯೂಟ್ ಹೊಡೆದು ನಿಂತರು. 13 ಮತ್ತು 31, ಅಗಲಿದವರ ವಯಸ್ಸೂ ಅದೇ 31. ಕಾಕತಾಳೀಯವೇ ಇರಬಹುದು. ಆ ಗಳಿಗೆಯಲ್ಲಿ ಅಲ್ಲಿದ್ದ ಯಾರಿಗೂ ಹಾಗನ್ನಿಸಿರಲಾರದು.

ಸಾವಿನ ಹಿಂದೆ ಹೃದಯದ ಬಡಿತ ತಪ್ಪಿಸುವ ಕಾಯಿಲೆಯಿತ್ತು. ಆಡಲು ಅರ್ಹ ಎಂದು ಪ್ರಮಾಣಪತ್ರ ಕೊಟ್ಟಿದ್ದ ವೈದ್ಯರೊಬ್ಬರಿಗೆ 2021ರಲ್ಲಿ ಫ್ಲಾರೆನ್ಸಿನ ನ್ಯಾಯಾಲಯ ಒಂದು ವರ್ಷದ ಜೈಲು ಶಿಕ್ಷೆ ವಿಧಿಸಿ, ಅದರ ಜಾರಿಯನ್ನು ಅಮಾನತಿನಲ್ಲಿಟ್ಟಿತು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಅಭಿಮಾನಿಗಳು ಹಿಡಿದುಕೊಂಡದ್ದು ಬೇರೆಯದನ್ನು.

ಫಿಯೊರೆಂಟಿನಾ, ಕಾಲ್ಯಾರಿ ಎರಡೂ 13ನ್ನು ನಿವೃತ್ತಿಗೊಳಿಸಿದವು. ಎರಡು ಊರುಗಳು ಒಬ್ಬನೇ ಸ್ಟಾಪರ್‌ಗಾಗಿ ಒಂದೇ ಸಂಖ್ಯೆಯನ್ನು ಎತ್ತಿಟ್ಟ ಉದಾಹರಣೆ ಅಪರೂಪ. ಕ್ರೀಡಾಂಗಣದ ಕಂಬಿಗೆ ಅಭಿಮಾನಿಗಳು ಕಟ್ಟಿದ ಹೂವು ಬಾಡಿತು, ನಾಯಕನ ತೋಳುಪಟ್ಟಿ ಉಳಿಯಿತು. ಅದರಲ್ಲಿ ‘ಡಿಎ 13’ ಎಂಬ ಅಕ್ಷರಗಳು, ಜೊತೆಗೆ ಬಿಳಿ, ನೀಲಿ, ಕೆಂಪು, ಹಸಿರು ಬಣ್ಣ. ಇವು ಫ್ಲಾರೆನ್ಸಿನ ನಾಲ್ಕು ಹಳೆಯ ಕೇರಿಗಳ ಬಣ್ಣಗಳು. ಪ್ರತಿ ಜೂನ್‌ನಲ್ಲಿ ಈ ಕೇರಿಗಳವರು ಅದೇ ಸಾಂತಾ ಕ್ರೋಚೆ ಚೌಕದಲ್ಲಿ ಮಣ್ಣು ಸುರಿದು ತಮ್ಮ ಪುರಾತನ ಚೆಂಡಾಟ ಆಡುತ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡುತ್ತಾರೆ. ಬೆರ್ಗಾಮೊ ಕಡೆಯಿಂದ ಬಂದ ಹುಡುಗನ ಹೆಸರನ್ನು ನಾಲ್ಕು ಕೇರಿಗಳ ಬಣ್ಣದ ನಡುವೆ ಹೊಲಿದರೆಂದರೆ ಅವನನ್ನು ಊರಿನ ಮಗನೆಂದು ಒಪ್ಪಿಕೊಂಡಂತೆ. ಮುಂದಿನ ಋತುವಿನಲ್ಲಿ ಎಲ್ಲ ತಂಡಗಳ ನಾಯಕರೂ ಒಂದೇ ಬಗೆಯ ಪಟ್ಟಿ ಕಟ್ಟಬೇಕೆಂದು ಲೀಗ್ ನಿಯಮ ಮಾಡಿದಾಗಲೂ ಹೊಸ ನಾಯಕ ಹೆರ್ಮಾನ್ ಪೆಸೆಲ್ಲಾ ಈ ಪಟ್ಟಿಯನ್ನೇ ಕಟ್ಟಿಕೊಂಡು ಅಂಗಳಕ್ಕೆ ಇಳಿದರು.

ಅಸ್ತೋರಿ ಆಡಿದ ಕೊನೆಯ ಪಂದ್ಯ 2018ರ ಫೆಬ್ರುವರಿ 25ರಂದು ಕಿಯೇವೊ ವಿರುದ್ಧ. ಫಿಯೊರೆಂಟಿನಾ 1–0ಯಿಂದ ಗೆದ್ದಿತು. ಎದುರಾಳಿಗೆ ಗೋಲಿಲ್ಲ, ಅಂದರೆ ಸ್ಟಾಪರ್‌ಗೆ ತೃಪ್ತಿಯ ದಿನ. ಆ ಒಂದು ಗೋಲು ಹೊಡೆದವರು ಕ್ರಿಸ್ತಿಯಾನೊ ಬಿರಾಗಿ. ಅದೇ ವರ್ಷ ಅಕ್ಟೋಬರ್ 14ರಂದು ಪೋಲೆಂಡ್ ನೆಲದಲ್ಲಿ, ಪಂದ್ಯ ಮುಗಿಯಲು ಕ್ಷಣಗಳಿರುವಾಗ, ಬಿರಾಗಿ ಇಟಲಿಗಾಗಿ ತಮ್ಮ ಮೊದಲ ಗೋಲು ಹೊಡೆದರು. ಗೆಲುವು ತಂದುಕೊಟ್ಟ ಗೋಲು. ಸಹ ಆಟಗಾರರು ಬಂದು ಮುಗಿಬೀಳುತ್ತಿದ್ದರೂ ಬಿರಾಗಿ ಎರಡೂ ಕೈಗಳನ್ನು ಮೇಲೆತ್ತಿ ಹಿಡಿದಿದ್ದರು, ಒಂದರಲ್ಲಿ ಒಂದು ಬೆರಳು, ಇನ್ನೊಂದರಲ್ಲಿ ಮೂರು.