ದುಡಿಯುವ ಮನೆ, ಎಳೆಯ ನಾಯಿಮರಿ

ಗೋವೆಯ ವಾಸ್ಕೋ, ಬೈನಾ, ಝುವಾರಿನಗರ ಮುಂತಾದೆಡೆಗಳಲ್ಲಿ ಕರ್ನಾಟಕದ ಉತ್ತರ ಜಿಲ್ಲೆಗಳಿಂದ ದುಡಿಮೆಗಾಗಿ ಹೋಗಿ ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಸೈಕಲಿನಲ್ಲಿ ಪಾವ್ ಮಾರುವ ಪೊದೇರನ ‘ಪೋಂ ಪೋಂ’ ಸದ್ದಿನೊಂದಿಗೆ ಅಲ್ಲಿ ಬೆಳಗಾಗುತ್ತದೆ. ಗಂಡ ಕಾರ್ಖಾನೆಗೆ, ಹೆಂಡತಿ ಮನೆಗೆಲಸಕ್ಕೆ, ಮಕ್ಕಳು ಶಾಲೆಗೆ ಹೊರಡುವ ಆ ಅವಸರದಲ್ಲಿ ಹೊಸದಾಗಿ ತಂದ ನಾಯಿಮರಿಯೊಂದು ಕಾಲಿಗೆ ತೊಡರಿದರೆ ಮಾಡುವುದೇನು?

ಹೆಚ್ಚಿನವರು ಮಾಡುವುದು ಒಂದೇ: ನಾಲ್ಕು ದಿನ ಮುದ್ದು, ಐದನೆಯ ದಿನ ಬೀದಿಗೆ. ಹೀಗೆ ಮನೆಯ ಮರಿಯೇ ನಾಳಿನ ಬೀದಿನಾಯಿ. ಬೀದಿನಾಯಿಗಳ ಉಪಟಳ ನಮ್ಮ ಕಾಸರಗೋಡಿನವರಿಗೂ ಹೊಸತಲ್ಲ. ಆದುದರಿಂದ ಇದು ಬರೇ ಶೋಕಿಯ ವಿಷಯವೆಂದು ತಳ್ಳಿಬಿಡುವಂತಿಲ್ಲ.

ಎರಡು ತಿಂಗಳ ಮರಿ ಮೂತ್ರ ತಡೆದುಕೊಳ್ಳುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ನಿದ್ದೆ ತಿಳಿದೆದ್ದಾಗ, ಉಂಡ ಸ್ವಲ್ಪ ಹೊತ್ತಿನಲ್ಲಿ, ಆಡಿದ ಮೇಲೆ ಅದಕ್ಕೆ ಹೊರಗೆ ಹೋಗಲೇಬೇಕು. ಆದುದರಿಂದ ಮನೆಯವರು ಅರ್ಧ ಗಂಟೆ ಮುಂಚಿತವಾಗಿ ಏಳುವುದೇ ಮೊದಲ ಉಪಾಯ. ಎದ್ದೊಡನೆ ಮರಿಯನ್ನು ಅಂಗಳದ ಒಂದೇ ಜಾಗಕ್ಕೆ ಒಯ್ಯಬೇಕು. ಬಳಿಕ ಮೆತ್ತಗಿನ ಅನ್ನಕ್ಕೆ ಬೇಯಿಸಿದ ಮೊಟ್ಟೆಯನ್ನೋ ಎಲುಬು ತೆಗೆದ ಕೋಳಿಮಾಂಸವನ್ನೋ ಕಲಸಿ ಕೊಟ್ಟು, ಹೊರಡುವ ಮುನ್ನ ಇನ್ನೊಮ್ಮೆ ಅಲ್ಲಿಗೇ ಒಯ್ದರೆ ಕೆಲವು ವಾರಗಳಲ್ಲಿ ಅಭ್ಯಾಸವಾಗುತ್ತದೆ. ನೆಲ ಒದ್ದೆ ಮಾಡಿತೆಂದು ಹೊಡೆದರೆ ಅದು ಕಲಿಯುವುದು ಭಯವನ್ನು ಮಾತ್ರ.

ಎಳೆಯ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಆಹಾರ ಬೇಕು. ಎಲ್ಲರೂ ಹೊರಗೆ ದುಡಿಯುವ ಮನೆಯವರು ಮಧ್ಯಾಹ್ನ ಒಮ್ಮೆ ನೋಡಿಕೊಳ್ಳುವಂತೆ ನೆರೆಮನೆಯ ಅಜ್ಜಿಯನ್ನೋ ಅಕ್ಕನನ್ನೋ ಕೇಳಿಕೊಳ್ಳುವುದು ಲೇಸು. ಅದೂ ಸಾಧ್ಯವಿಲ್ಲದಿದ್ದರೆ ಮರಿಯನ್ನು ತಾರದಿರುವುದೇ ದಯೆ. ಈರುಳ್ಳಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷವೆಂಬುದನ್ನು ಮಕ್ಕಳಿಗೂ ತಿಳಿಸಿರಬೇಕು.

ಲಸಿಕೆಯನ್ನಂತೂ ಮರೆಯಲಾಗದು. ಆರರಿಂದ ಎಂಟು ವಾರದಲ್ಲಿ ಪಾರ್ವೋ ಮುಂತಾದ ರೋಗಗಳ ಚುಚ್ಚುಮದ್ದು ಆರಂಭ. ಮೂರು ತಿಂಗಳಲ್ಲಿ ಹುಚ್ಚುನಾಯಿ ರೋಗದ್ದು, ಆಮೇಲೆ ವೈದ್ಯರು ಹೇಳಿದಂತೆ ಪುನಃ. ಈ ರೋಗದ ಲಕ್ಷಣ ಮನುಷ್ಯನಲ್ಲಿ ಕಾಣಿಸಿಕೊಂಡರೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಸಾಕಿದ ಮರಿಯೇ ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಈ ವಿಷಯದಲ್ಲಿ ಗೋವೆ ದಾರಿ ತೋರಿಸಿದೆ. ಸರಕಾರದ ಸಹಕಾರದೊಂದಿಗೆ ಮಿಶನ್ ರೇಬೀಸ್ ಸಂಸ್ಥೆಯು 2014ರಿಂದ ಊರೂರು ತಿರುಗಿ, ಬಲೆ ಬೀಸಿ ಬೀದಿನಾಯಿಗಳನ್ನು ಹಿಡಿದು ಲಸಿಕೆ ಹಾಕಿತು. ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿತು. ಫಲವಾಗಿ 2021ರಲ್ಲಿ ಗೋವೆ ದೇಶದ ಮೊದಲ ‘ರೇಬೀಸ್ ನಿಯಂತ್ರಿತ’ ರಾಜ್ಯವೆಂದು ಘೋಷಿತವಾಯಿತು.

ಸರಕಾರ, ಸಂಸ್ಥೆಗಳು ಬೀದಿಯಲ್ಲಿ ಎಷ್ಟೇ ದುಡಿದರೂ, ಮನೆಗಳಿಂದ ಮರಿಗಳು ಬೀದಿಗೆ ಬೀಳುತ್ತಿದ್ದರೆ ಆ ಕೆಲಸಕ್ಕೆ ಕೊನೆಯಿಲ್ಲ. ಬೆಳಗಿನ ಅರ್ಧ ಗಂಟೆಯನ್ನು ಮರಿಗೆ ಮೀಸಲಿಡಬಲ್ಲೆವೇ ಎಂದು ಮನೆಮಂದಿ ಕೂತು ಯೋಚಿಸಬೇಕಾದುದು ಮರಿಯನ್ನು ತರುವ ಮೊದಲು, ತಂದ ಮೇಲಲ್ಲ.