ಎಂಜಿನ್ ತಣ್ಣಗಿದ್ದರೆ ಒಳ್ಳೆಯದಲ್ಲವೇ?



ಮುಖ್ಯ ಭಾಷಣಕ್ಕೆ ಒಬ್ಬ ಮೆಕ್ಯಾನಿಕ್‌ನನ್ನು ಕರೆದಿದ್ದೀರಿ. ಭಾಷೆ, ಸಂಸ್ಕೃತಿಯ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಇಲ್ಲಿದ್ದಾರೆ. ನನಗೆ ಗೊತ್ತಿರುವುದು ಡೀಸೆಲ್ ಎಂಜಿನ್. ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಾಗ ನಿಮ್ಮಲ್ಲಿ ಎಷ್ಟೋ ಜನ ಸ್ಕಿಡ್ ಸ್ಟಿಯರ್ ಓಡಿಸುವವರು ಎಂದು ತಿಳಿಯಿತು. ಹಾಗಾಗಿ ಅದರ ಬಗ್ಗೆಯೇ, ಅದೂ ನಾನೇ ಮಾಡಿದ ಒಂದು ತಪ್ಪಿನ ಮೂಲಕ ಹೇಳುತ್ತೇನೆ.

ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ ನಾನು ಕಲಿತ ಮೊದಲ ಪಾಠ: ಗಾಡಿ ಬಿಸಿಯಾಗುತ್ತಿದೆಯಾ? ಥರ್ಮೋಸ್ಟಾಟ್ ಕಿತ್ತು ಬಿಸಾಕು. ಅಲ್ಲಿ ಬಿಸಿಯೇ ಶತ್ರು. ಆ ಪಾಠವನ್ನು ಕಟ್ಟಿಕೊಂಡು ಕೆನಡಾದ ಸಸ್ಕಾಚೆವಾನಿಗೆ ಬಂದೆ. ಮೊದಲ ಬೇಸಿಗೆಯಲ್ಲಿ ಒಂದು ಸ್ಕಿಡ್ ಸ್ಟಿಯರ್ ಬಿಸಿಯಾಗುತ್ತಿದೆ ಎಂದು ತಂದರು. ಅಭ್ಯಾಸಬಲದಿಂದ ಥರ್ಮೋಸ್ಟಾಟ್ ತೆಗೆದು ಖಾಲಿ ಮನೆಯನ್ನು ಮುಚ್ಚಿಬಿಟ್ಟೆ. ರೇಡಿಯೇಟರ್ ತುಂಬ ಹೊಟ್ಟು, ಧೂಳು ಕೂತಿತ್ತು. ತೊಳೆದಿದ್ದರೆ ಸಾಕಾಗುತ್ತಿತ್ತು.

ಜನವರಿಯಲ್ಲಿ ಅದೇ ಯಂತ್ರ ವಾಪಸು ಬಂತು. ಹೊರಗೆ ಮೈನಸ್ 30. ಕ್ಯಾಬಿನ್ ಹೀಟರ್‌ನಲ್ಲಿ ತಣ್ಣನೆ ಗಾಳಿ, ಹಿಂದೆ ಬಿಳಿ ಹೊಗೆ, ಡಿಪಿಎಫ್ ದೀಪ ಮೇಲಿಂದ ಮೇಲೆ ಉರಿಯುತ್ತಿತ್ತು. ಆಪರೇಟರ್ ಮಾತ್ರ, "ಮುಳ್ಳು ಮೇಲೇಳುವುದೇ ಇಲ್ಲ ಅಣ್ಣ, ಎಂಜಿನ್ ಬಲು ಆರೋಗ್ಯ" ಅಂದ. ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಗುರುತಿಗಿಂತ ಮೇಲಿತ್ತು, ಡೀಸೆಲ್ ವಾಸನೆ ಬೇರೆ.

ಆಯಿಲ್ ಹೆಚ್ಚಾಗುವುದು ಹೇಗೆ? ಡೀಸೆಲ್ ಹೊತ್ತಿಕೊಳ್ಳುವುದು ಒತ್ತಿದ ಗಾಳಿಯ ಬಿಸಿಯಿಂದ. ಸಿಲಿಂಡರ್ ಗೋಡೆ ತಣ್ಣಗಿದ್ದರೆ ಸ್ವಲ್ಪ ಡೀಸೆಲ್ ಉರಿಯದೆ ಉಳಿಯುತ್ತದೆ. ಅದರಲ್ಲಿ ಒಂದಷ್ಟು ಬಿಳಿ ಹೊಗೆಯಾಗಿ ಹೋಗುತ್ತದೆ. ಉಳಿದದ್ದು ಗೋಡೆಯ ಮೇಲಿನ ಆಯಿಲ್ ಪೊರೆಯನ್ನು ತೊಳೆದು, ರಿಂಗ್‌ಗಳ ಸಂದಿಯಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ನೀರಾಗುತ್ತದೆ, ಸಿಲಿಂಡರ್ ಸವೆಯುತ್ತದೆ. ಒಳಗೆ ಹುಟ್ಟುವ ನೀರಿನ ಹಬೆಯೂ ಆರಿಹೋಗದೆ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಜಿಡ್ಡಾಗಿ ಕೂರುತ್ತದೆ. ಡಿಪಿಎಫ್‌ನ ಮಸಿ ಸುಡಲು ಹೊಗೆಗೆ ಸುಮಾರು 550ರಿಂದ 600 ಡಿಗ್ರಿ ಬಿಸಿ ಬೇಕು. ಎಂಜಿನ್ ಬಿಸಿಯಾಗುವವರೆಗೆ ಕಂಪ್ಯೂಟರ್ ಆ ಕೆಲಸ ಶುರು ಮಾಡುವುದೇ ಇಲ್ಲ.

ಇದನ್ನೆಲ್ಲ ತಡೆಯುವುದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಥರ್ಮೋಸ್ಟಾಟ್. ಅದರ ಹೊಟ್ಟೆಯಲ್ಲಿ ಮೇಣ. ಬಹಳ ಎಂಜಿನ್‌ಗಳಲ್ಲಿ 82 ಡಿಗ್ರಿಯ ಆಸುಪಾಸಿನಲ್ಲಿ ಮೇಣ ಕರಗಿ, ಹಿಗ್ಗಿ, ಬಾಗಿಲನ್ನು ತಳ್ಳುತ್ತದೆ. ಅಲ್ಲಿಯವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ಅಂದಹಾಗೆ, ಬೈಪಾಸ್ ಮುಚ್ಚುವ ಬಗೆಯ ಥರ್ಮೋಸ್ಟಾಟ್ ತೆಗೆದರೆ ಬೇಸಿಗೆಯಲ್ಲಿ ಎಂಜಿನ್ ಇನ್ನೂ ಬಿಸಿಯಾದೀತು. ನಮ್ಮ ಹುಬ್ಬಳ್ಳಿ ಪಾಠ ಅಲ್ಲೂ ಪೂರ್ತಿ ಸರಿಯಿರಲಿಲ್ಲ.

ನಿಮ್ಮ ಯಂತ್ರದ ಮುಳ್ಳು ಕೆಳಗೇ ಇದ್ದರೆ ಮೊದಲು ಮುಳ್ಳನ್ನೇ ಅನುಮಾನಿಸಿ. ಥರ್ಮೋಸ್ಟಾಟ್ ಮನೆಗೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ, ಅದಕ್ಕೇ ಟೇಪ್. ಅಲ್ಲಿ 80ರ ಮೇಲೆ ತೋರಿಸಿ ಮುಳ್ಳು ಮಲಗಿದ್ದರೆ ತೊಂದರೆ ಸೆನ್ಸರ್‌ನದು, ಇಲ್ಲವೇ ವೈರ್‌ನದು. ಆಮೇಲೆ ಎಂಜಿನ್ ಆರಿದಾಗ ಮುಚ್ಚಳ ತೆಗೆದು ಕೂಲೆಂಟ್ ಮಟ್ಟ ನೋಡಿ. ಕಡಿಮೆಯಿದ್ದರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿರುತ್ತದೆ, ಹೀಟರ್‌ಗೂ ಬಿಸಿ ಮುಟ್ಟುವುದಿಲ್ಲ.

ನಿಜವಾಗಿಯೂ ತಣ್ಣಗಿದೆಯೆಂದರೆ ಮೇಲಿನ ಹೋಸ್ ಪೈಪು ನೋಡಿ. ಚಳಿಯಲ್ಲಿ ಸ್ಟಾರ್ಟ್ ಮಾಡಿದ ಮೇಲೆ ಅದು ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಮೊದಲಿನಿಂದಲೇ ಎಂಜಿನ್ ಜೊತೆ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಅಥವಾ ನನ್ನಂಥವನೊಬ್ಬ ಅದನ್ನು ಕಿತ್ತಿದ್ದಾನೆ. ಫ್ಯಾನ್ ತಿರುಗುವಾಗ ಕೈ ಹಾಕಬೇಡಿ, ಥರ್ಮಾಮೀಟರ್ ಸಾಕು. ಕ್ಯಾಬಿನ್ ಎತ್ತುವ ಮುಂಚೆ ತೋಳುಗಳಿಗೆ ಲಾಕ್ ಹಾಕುವುದನ್ನು ಮರೆಯಬೇಡಿ.

ಇನ್ನೊಂದು ಮಾತು. ಇಲ್ಲಿನ ಚಳಿಯಲ್ಲಿ ಬರೀ ಐಡ್ಲಿಂಗ್‌ನಲ್ಲಿ ನಿಲ್ಲಿಸಿದರೆ ಥರ್ಮೋಸ್ಟಾಟ್ ಸರಿಯಿದ್ದರೂ ಎಂಜಿನ್ ಬಿಸಿಯಾಗದೆ ಇರಬಹುದು. ಭಾರವಿಲ್ಲದ ಡೀಸೆಲ್ ಎಂಜಿನ್ ಅಷ್ಟು ಕಡಿಮೆ ಶಾಖ ಹುಟ್ಟಿಸುತ್ತದೆ. ರಾತ್ರಿ ಬ್ಲಾಕ್ ಹೀಟರ್ ಪ್ಲಗ್ ಮಾಡಿ, ಬೆಳಿಗ್ಗೆ ಸ್ವಲ್ಪ ಹೊತ್ತು ಓಡಿಸಿ ಹಗುರ ಕೆಲಸಕ್ಕೆ ಹಚ್ಚಿ. ರಟ್ಟು ಅಡ್ಡ ಇಡುವವರಿದ್ದಾರೆ. ಸ್ಕಿಡ್ ಸ್ಟಿಯರ್‌ನಲ್ಲಿ ಹೈಡ್ರಾಲಿಕ್ ಆಯಿಲ್ ಕೂಲರ್ ಸಾಮಾನ್ಯವಾಗಿ ರೇಡಿಯೇಟರ್ ಪಕ್ಕದಲ್ಲೇ ಇರುತ್ತದೆ. ಪೂರ್ತಿ ಮುಚ್ಚಿದರೆ ಅದು ಕಾಯುತ್ತದೆ.

ಆ ಜನವರಿಗೆ ಬರುತ್ತೇನೆ. ಮನೆ ಬಿಚ್ಚಿದಾಗ ಒಳಗೆ ಖಾಲಿ ಎಂದು ಗೊತ್ತಿದ್ದವನು ನಾನೊಬ್ಬನೇ. ನನ್ನ ವರ್ಕ್ ಪರ್ಮಿಟ್ ಆ ಒಂದೇ ಕೆಲಸಕ್ಕೆ ಕಟ್ಟಿಹಾಕಿದ್ದು, ಊರಲ್ಲಿ ತಂಗಿಯ ಮದುವೆ ಸಾಲ. ಹೊಸ ಥರ್ಮೋಸ್ಟಾಟ್ ಹಾಕಿ, "ಹಳೆಯದು ಕೆಟ್ಟಿತ್ತು" ಅಂದುಬಿಡಬಹುದಿತ್ತು. ಅರ್ಧ ಗಂಟೆ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಆಮೇಲೆ ಫೋರ್‌ಮನ್ ಹತ್ತಿರ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಸಿಗೆಯ ಜಾಬ್ ಕಾರ್ಡ್ ತೆಗೆಸಿ, ತೆಗೆದದ್ದನ್ನು ನನ್ನ ಕೈಯಲ್ಲೇ ಬರೆಸಿದರು. ಕೆಲಸ ಉಳಿಯಿತು. ಆಯಿಲ್, ಫಿಲ್ಟರ್, ಥರ್ಮೋಸ್ಟಾಟ್ ಬದಲಾದವು. ಹೊಗೆ ನಿಂತಿತು, ಆದರೆ ಸವೆದ ಸಿಲಿಂಡರ್ ಮತ್ತೆ ತುಂಬಿಕೊಳ್ಳಲಿಲ್ಲ. ಆ ಯಂತ್ರ ಈಗಲೂ ಆಯಿಲ್ ಕುಡಿಯುತ್ತದೆ. ಬಂದಾಗಲೆಲ್ಲ ನಾನೇ ನೋಡುತ್ತೇನೆ.

ಜೇಬಿನಲ್ಲಿ ಒಂದು ಥರ್ಮೋಸ್ಟಾಟ್ ತಂದಿದ್ದೇನೆ. ಚಹಾ ಬಿಡುವಿನಲ್ಲಿ ಅಡುಗೆಮನೆಗೆ ಬನ್ನಿ, ಪಾತ್ರೆಯ ತಳ ಮುಟ್ಟದಂತೆ ದಾರ ಕಟ್ಟಿ ಕಾಯುವ ನೀರಿನಲ್ಲಿ ಇಳಿಬಿಡೋಣ. ಎಷ್ಟು ಡಿಗ್ರಿಗೆ ಬಾಯಿ ಬಿಡುತ್ತದೆ ಎಂದು ನೀವೇ ನೋಡಬಹುದು.